ಬಾಡಿಗೆಯ ದಿನ ಕಾಣೆಯಾದ ಹಂಸ

೨೦೧೨ನೇ ಇಸವಿ ಜನವರಿ ೨೩, ಸೋಮವಾರ, ಅಮಾವಾಸ್ಯೆ. ಗಂಗಾವತಿ ಗ್ರಾಮೀಣ ಠಾಣೆಯ ಎಎಸ್‌ಐ ಯಂಕೋಬ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಅಂಗಳದ ಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರ ಹೆಂಡತಿ ಹುಲಿಗವ್ವ ತೀರಿಹೋಗಿ ವರ್ಷ ತುಂಬುತ್ತ ಬಂದಿತ್ತು. ಮನೆಯಲ್ಲಿ ದೇವರಿಗೆ ದೀಪ ಹಚ್ಚಿ, ಆಕೆಯ ಪಟಕ್ಕೆ ಒಂದು ಹೂವಿಟ್ಟ ಮೇಲೆ ಅಲ್ಲಿ ಮಾಡುವುದಕ್ಕೆ ಬೇರೆ ಕೆಲಸವಿರುತ್ತಿರಲಿಲ್ಲ. ಮಾತಿಗೆ ಜನ ಸಿಗುವುದು ಠಾಣೆಯಲ್ಲೇ.

ಒಂಬತ್ತೂವರೆಗೆ ಸಾಣಾಪುರದ ಹಂಸವಿಹಾರ ಪಾರ್ಕಿನ ಮ್ಯಾನೇಜರ್ ಪ್ರವೀಣಕುಮಾರ ಮೋಟಾರ್ ಸೈಕಲ್ ನಿಲ್ಲಿಸಿ ಒಳಗೆ ಬಂದ. ಇಸ್ತ್ರಿ ಮುರಿಯದ ಅಂಗಿ, ಮುಖದಲ್ಲಿ ಮಾತ್ರ ಗಾಬರಿಯ ಕಳೆ. ಪಾರ್ಕಿನ ಹಂಸ ಕಳುವಾಗಿದೆ, ದೂರು ಬರೆದುಕೊಳ್ಳಿ ಎಂದ.

ಹೆಡ್ ಕಾನ್‌ಸ್ಟೆಬಲ್ ನೂರಸಾಬ ಪೆನ್ನು ತೆಗೆದು, "ಹಂಸ ಅಂದ್ರ, ಜೀವ ಇರೂದೋ, ಇಲ್ಲದ್ದೋ?" ಎಂದು ಕೇಳಿದ.

ಜೀವ ಇಲ್ಲದ್ದೇ. ಪಾರ್ಕಿನ ಕೆರೆಯಲ್ಲಿ ಕಾಲಿನಿಂದ ತುಳಿದು ನಡೆಸುವ ದೋಣಿ ಅದು. ಬಿಳಿಯ ಮೈ, ಎತ್ತರದ ಕುತ್ತಿಗೆ, ಕೆಂಪು ಕೊಕ್ಕು, ಇಬ್ಬರು ಕೂರುವ ಆಸನ. ಉಳಿದ ದೋಣಿಗಳು ಸಾದಾ, ಹಂಸ ಒಂದೇ. ಪಾರ್ಕಿಗೆ ಹೆಸರು ಬಂದದ್ದೂ ಅದರಿಂದಲೇ.

ಪಿಎಸ್‌ಐ ದೀಪಿಕಾ ಅಷ್ಟರಲ್ಲಿ ಬಂದರು. ಯಲಬುರ್ಗಾ ಕಡೆಯವರು, ಕೆಲಸಕ್ಕೆ ಸೇರಿ ಮೂರನೇ ವರ್ಷ. ಅವರು ದೂರನ್ನು ಮೊದಲಿನಿಂದ ಹೇಳಿಸಿದರು. ಹಂಸವಿಹಾರವನ್ನು ಒಂದು ದಿನದ ಮಟ್ಟಿಗೆ ಪೂರ್ತಿಯಾಗಿ ಬಾಡಿಗೆಗೆ ಕೊಡುವ ಪದ್ಧತಿಯಿತ್ತು. ಮದುವೆಯವರು, ಹುಟ್ಟುಹಬ್ಬದವರು, ಕಂಪನಿಯವರು ಹಿಡಿಯುತ್ತಿದ್ದರು. ಅಂಥ ದಿನ ಬಾಗಿಲಿಗೆ ಹಲಗೆ ತೂಗುಬೀಳುತ್ತಿತ್ತು. ಹಿಡಿದವರ ಬಳಗ ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ನಿನ್ನೆ ಭಾನುವಾರ ಕುಷ್ಟಗಿಯ ಒಂದು ಬೀಜದ ಕಂಪನಿಯವರು ತಮ್ಮ ವ್ಯಾಪಾರಿಗಳನ್ನು ಮನೆ ಮಂದಿ ಸಮೇತ ಕರೆದಿದ್ದರು. ಭಜನೆ, ಭಾಷಣ, ಆಟ, ಕೊನೆಯಲ್ಲಿ ಊಟ. ಅವರು ಹೋದ ಮೇಲೆ ಎಲ್ಲರೂ ದಣಿದು ಮನೆಗೆ ಹೋಗಿದ್ದರು. ಈ ದಿನ ಬೆಳಿಗ್ಗೆ ನೋಡಿದರೆ ಹಂಸ ಇಲ್ಲ.

ದೀಪಿಕಾ ಕೇಳಿದ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು.

"ದೋಣಿಯೊಳಗ ಯಾರರೆ ಇದ್ರೇನು? ನಿನ್ನೆ ಬಂದ ಮಕ್ಕಳೆಲ್ಲ ಮನಿ ಮುಟ್ಯಾವೇನು?"

ಪ್ರವೀಣಕುಮಾರನಿಗೆ ಅದು ಹೊಳೆದೇ ಇರಲಿಲ್ಲ. ಅವನ ಮುಖ ಬಿಳುಪೇರಿತು. ದೀಪಿಕಾ ತಾವೇ ಕುಷ್ಟಗಿಗೆ ಫೋನು ಹಚ್ಚಿ, ಕಂಪನಿಯವರಿಂದ ಒಂದೊಂದು ಮನೆಯನ್ನೂ ವಿಚಾರಿಸಿದರು. ಎಲ್ಲರೂ ಕ್ಷೇಮ ಎಂದು ಉತ್ತರ ಬರುವವರೆಗೆ ಠಾಣೆಯಲ್ಲಿ ಯಾರೂ ಚಹಾ ಮುಟ್ಟಲಿಲ್ಲ. ಆಮೇಲೆ ಐಪಿಸಿ ೩೭೯ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

"ಯಾರ ಮ್ಯಾಲರೆ ಸಂಶಯ?"

"ಜಮೀರನ ಮ್ಯಾಲೆ, ಮೇಡಂ. ದೋಣಿ ನೋಡಿಕೊಳ್ಳಾವ. ಹಂಸಕ್ಕ ಸರಪಳಿ ಹಾಕಿ ಕೀಲಿ ಹಾಕಿರ್ತೀವಿ. ಕೀಲಿ ಮುರಿದಿಲ್ಲ, ತೆಗೆದಾರ. ಕೀಲಿಕೈ ಇರೂದು ಅವನ ಕೈಯಾಗ."

ಶುಕ್ರವಾರ ಗಂಗಾವತಿಯ ಒಂದು ಮನೆತನದವರು ಮಗಳ ಕುಬಸಕ್ಕೆಂದು ಪಾರ್ಕು ಹಿಡಿದಿದ್ದಾರೆ, ಬಸುರಿ ಹೆಣ್ಣುಮಗಳನ್ನು ಹಂಸದಲ್ಲಿ ಕೂರಿಸಿ ಆರತಿ ಮಾಡಬೇಕೆಂದೇ ಒಪ್ಪಿದವರು ಅವರು, ಅಷ್ಟರೊಳಗೆ ಸಿಗದಿದ್ದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಪ್ರವೀಣಕುಮಾರ ಹೇಳಿಕೊಂಡ.

ಮಧ್ಯಾಹ್ನಕ್ಕೆ ಮುಂಚೆಯೇ ಜಮೀರನನ್ನು ಕರೆಸಲಾಯಿತು. ಇಪ್ಪತ್ತೈದರ ತರುಣ, ತೆಳ್ಳನೆಯ ಮೈ. ನಿನ್ನೆ ಊಟದ ಹೊತ್ತಿನಲ್ಲಿ ಎಲ್ಲಿದ್ದೆ ಎಂದರೆ, ಬಡಿಸುತ್ತಿದ್ದೆ ಎಂದ. ಖಾಸಗಿ ಕಾರ್ಯಕ್ರಮದ ದಿನ ಆಳುಗಳು ಸಾಲದೆ, ಊಟದ ಹೊತ್ತಿಗೆ ಆಟದ ಕಡೆಯವರನ್ನೆಲ್ಲ ಬಡಿಸುವುದಕ್ಕೆ ಹಚ್ಚುವುದು ಅಲ್ಲಿಯ ರೂಢಿ. ಪ್ರವೀಣಕುಮಾರನೂ ಅದನ್ನು ಒಪ್ಪಿದ.

"ಕೀಲಿಕೈ?"

"ಮೊಳಿಗೆ ಹಾಕಿದ್ದೆರಿ."

"ಯಾರು ತಗೊಂಡ್ರು?"

ಜಮೀರ ನೆಲ ನೋಡಿದ. "ಗೊತ್ತಿಲ್ರಿ."

ಸುಳ್ಳು ಹೇಳಿ ರೂಢಿಯಿಲ್ಲದವನ ಸುಳ್ಳು ಅದು ಎಂದು ಯಂಕೋಬರಿಗೆ ಕಂಡಿತು. ದೀಪಿಕಾ ಅವರಿಗೂ ಕಂಡಿರಬೇಕು. ಅವರು ಒತ್ತಾಯ ಮಾಡದೆ ಸುಮ್ಮನೆ ಬರೆದುಕೊಂಡರು.

ಹೊರಗೆ ಬೇವಿನ ನೆರಳಿನಲ್ಲಿ ಅವನ ತಾಯಿ ದಾವಲಬೀ ಬಂದು ಕೂತಿದ್ದಳು. ಯಂಕೋಬ ನೀರಿನ ತಂಬಿಗೆ ಕೊಟ್ಟರು. ಆಕೆ ಅದನ್ನು ಕೈಯಲ್ಲೇ ಹಿಡಿದುಕೊಂಡು, ಮುಂದಿನ ತಿಂಗಳು ಮಗನ ನಿಕಾಹ್ ನಿಶ್ಚಯವಾಗಿದೆ, ಹುಡುಗಿ ಕೊಪ್ಪಳದವಳು, ಗುಲ್ಶನ ಎಂದು ಹೆಸರು, ತಂದೆ ಶಿಸ್ತಿನ ಮನುಷ್ಯ ಎಂದು ಒಂದೊಂದಾಗಿ ಹೇಳಿದಳು.

"ಠಾಣೆ ಮೆಟ್ಲ ಹತ್ಯಾನ ಅಂದ್ರ ಸಾಕ್ರಿ, ಯಂಕೋಬಣ್ಣಾರ. ಇಳಿದದ್ದು ಯಾರೂ ಹೇಳಂಗಿಲ್ಲ. ಹತ್ತಿದ್ದಷ್ಟ ಹೇಳ್ತಾರ."

ಯಂಕೋಬ ತಂಬಿಗೆಯ ಕಡೆ ಕೈ ತೋರಿಸಿದರು. ನೀರು ಕುಡಿಯಮ್ಮ ಎಂದಷ್ಟೇ ಹೇಳಿದರು.

ಜೀಪು ಸಾಣಾಪುರಕ್ಕೆ ಹೋಯಿತು. ಹತ್ತಿರದ ಚಹಾದಂಗಡಿಯ ಇಬ್ಬರನ್ನು ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಶುರುಮಾಡಿದರು. ಎತ್ತರದ ರಂಕಲರಾಟೆ ತಿರುಗದೆ ನಿಂತಿತ್ತು, ಚಿಕ್ಕ ರೈಲು ಶೆಡ್ಡಿನಲ್ಲಿತ್ತು, ನಿನ್ನೆಯ ಬಲೂನುಗಳು ಅರ್ಧ ಸೊರಗಿ ಕಂಬಗಳಿಗೆ ಜೋತುಬಿದ್ದಿದ್ದವು. ಬಾಗಿಲ ಕಾವಲುಗಾರ, ನಿನ್ನೆ ಒಳಗೆ ಬಂದ ಗಾಡಿಗಳಲ್ಲಿ ಇಂಥ ದೋಣಿ ಹೇರುವಂಥದ್ದು ಒಂದೂ ಇರಲಿಲ್ಲ, ಹೊರಗೆ ಹೋದದ್ದನ್ನೆಲ್ಲ ನಾನೇ ನೋಡಿದ್ದೇನೆ ಎಂದ.

ದೀಪಿಕಾ ಕೆರೆಯ ಸುತ್ತ ಒಂದು ಸಲ ನಡೆದರು. ಹಿಂದಿನ ಮೂಲೆಯಲ್ಲಿ ತಂತಿ ಬೇಲಿ ಸಡಿಲಾಗಿತ್ತು. ಬೇಲಿಯಾಚೆ ಒಂದು ಏರಿ, ಏರಿಯಾಚೆ ತುಂಬಿ ಹರಿಯುವ ಕಾಲುವೆ. ಅವರು ಅಲ್ಲೇ ನಿಂತು ಕೈ ಮಾಡಿದರು.

"ಬಾಗಿಲದಿಂದ ಹೋಗಿಲ್ಲ, ಯಂಕೋಬಪ್ಪಾರ. ನೀರಿನಿಂದ ನೀರಿಗೆ ಹೋಗೇತಿ."

ಏರಿಯ ಮೇಲೆ ಹುಲ್ಲು ಮಲಗಿತ್ತು. ಕಲ್ಲೊಂದರ ಮೇಲೆ ಬಿಳಿ ಬಣ್ಣದ ಗೀರು. ಆದರೆ ಎಳೆದ ಗುರುತು ಆ ಒಂದೇ ಕಡೆ. ಉಳಿದ ದಾರಿಯುದ್ದಕ್ಕೂ ಬರಿಗಾಲಿನ ಹೆಜ್ಜೆಗಳು, ಎರಡು ಸಾಲು, ಎದುರು ಬದುರು. ಹೊತ್ತುಕೊಂಡು ನಡೆದವರ ಹೆಜ್ಜೆ. ನೂರಸಾಬ ಟೇಪು ಹಿಡಿದು ಅಳೆಯುತ್ತಿದ್ದಾಗ ಯಂಕೋಬ ಬಗ್ಗಿ ನೀರಿನಂಚಿನಿಂದ ಏನನ್ನೋ ಆರಿಸಿಕೊಂಡರು. ಅರಿಸಿನ ಹಚ್ಚಿದ ಅಕ್ಕಿಕಾಳು. ಪಕ್ಕದಲ್ಲಿ ಚೆಂಡು ಹೂವಿನ ಎಸಳು, ಒಡೆದ ಕಾಯಿಯ ಚೂರು.

"ಕಳ್ಳರು ಕಾಯಿ ಒಡೀತಾರೇನ್ರಿ?" ಎಂದ ನೂರಸಾಬ.

ಯಂಕೋಬ ಕಾಯಿಯ ಚೂರನ್ನು ತಿರುಗಿಸಿ ನೋಡಿದರು. ಹೆಣ್ಣುಮಕ್ಕಳನ್ನು ಊರಿಗೆ ಕಳಿಸುವಾಗ ಬಂಡಿಯ ಗಾಲಿಗೆ ಒಡೆದ ಕಾಯಿಗಳು ನೆನಪಾದವು. ಕಾಳುಗಳನ್ನು ಕಾಗದದಲ್ಲಿ ಮಡಿಸಿ, ಪಂಚರ ರುಜು ಹಾಕಿಸಿ ಜಪ್ತಿ ಮಾಡಿದರು.

ದೀಪಿಕಾ ಪ್ರವೀಣಕುಮಾರನನ್ನು ಮತ್ತೆ ಕೇಳಿದರು. ನಿನ್ನೆ ಕಂಪನಿಯ ಬಳಗ ಬಿಟ್ಟು ಒಳಗೆ ಬಂದವರು ಯಾರು ಯಾರು? ಅಡಿಗೆಯವರು, ಶಾಮಿಯಾನದವರು, ಫೋಟೋದವನು, ಭಜನೆಯವರು ಎಂದು ಅವನು ಬೆರಳು ಮಡಿಸಿದ. ಭಜನೆಯವರು ಎಲ್ಲಿಯವರು? ಹಿಟ್ನಾಳದ ಮೇಳ, ವಯಸ್ಸಾದವರು, ಪಾಪ. ಬಾಡಿಗೆಯ ದಿನ ಹೀಗೆ ಬಂದವರು ಆಟಕ್ಕೆ ಹತ್ತುವ ಹಾಗಿಲ್ಲ. ತಮ್ಮ ಕೆಲಸ ಮುಗಿಸಿ, ಉಂಡು ಹೋಗಬೇಕು. ದೀಪಿಕಾ ಎಲ್ಲವನ್ನೂ ಕೇಳಿಸಿಕೊಂಡು ಜೀಪು ಹತ್ತಿದರು.

ಕಾಲುವೆಯ ಏರಿ ಹಿಡಿದು ಜೀಪು ನೀರಿನ ಜೊತೆಗೇ ಸಾಗಿತು. ಎರಡೂ ಕಡೆ ನಾಟಿಯ ಗದ್ದೆ. ಕಾಲುವೆ ಎರಡಾಗಿ ಒಡೆಯುವ ಕಡೆ ಗೇಟು ನೋಡಿಕೊಳ್ಳುವ ಲಸ್ಕರ್ ಹುಚ್ಚೀರಪ್ಪ ಗುಡಿಸಲಿನ ಮುಂದೆ ಬೀಡಿ ಸೇದುತ್ತಿದ್ದ. ಪೊಲೀಸರನ್ನು ಕಂಡು ಬೀಡಿ ಆರಿಸಿದ.

ಹಂಸ ಕಂಡೆಯಾ ಎಂದು ಕೇಳಿದ್ದಕ್ಕೆ ಅವನು ಕೂಡಲೇ ಎರಡೂ ಕೈ ಜೋಡಿಸಿದ.

"ಕಂಡೇನ್ರಿ. ನಿನ್ನೆ ಹೊತ್ತು ಮುಳುಗೂ ಮುಂದ ತೇಲಿಕೋಂತ ಬಂತು. ಒಳಗ ಹಸರ ಸೀರಿ ಉಟ್ಟು ಯಾರೋ ಕುಂತಾರ ಅಂತ ನನಗ ಜೀವಾನ ಹೋತು. ಹತ್ತಿರ ಬಂದ ಮ್ಯಾಲೆ ನೋಡ್ತೀನಿ, ಬರೇ ಸೀರಿರಿ. ಮಡಿಚಿ ಇಟ್ಟಾರ, ಮುಂದ ಎಡಿ ಇಟ್ಟಾರ."

"ಹಿಡಿದು ನಿಲ್ಲಿಸಬೇಕಿತ್ತು."

"ಎಲ್ಲ್ಯಾದರೂ ಉತ್ಸವದ ದೇವರಿರಬೇಕು ಅಂದ್ಕೊಂಡೆರಿ. ಇಲ್ಲಿ ಗೇಟಿನ ಮುಂದ ಬಂದು ಸುಮ್ಮನ ತಿರುಗಾಕ ಹತ್ತಿತ್ತು. ದೊಡ್ಡ ಗೇಟು ಇಳಿಸಿದ್ದೆ. ದೇವರನ್ನ ತಡದ ಪಾಪ ನನಗ ಬ್ಯಾಡ ಅಂತ ಗಳ ಹಚ್ಚಿ ನವಲಿ ಕವಲಿಗೆ ದೂಡಿ ಬಿಟ್ಟೆ."

ದೀಪಿಕಾ ಅವರಿಗೆ ನಗು ಬಂತು. ಕ್ಯಾಪು ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ತಿರುಗಿಸಿದರು. ಯಂಕೋಬ ನಗಲಿಲ್ಲ. ಸೀರೆ, ಎಡೆ, ಕಾಯಿ. ಸತ್ತವರಿಗೆ ಮಾಡುವುದು, ಹೊರಟವರಿಗೆ ಮಾಡುವುದು, ಎರಡೂ ಕೂಡಿಬಂದಿವೆ ಎಂದು ಅವರಿಗೆ ತೋರಿತು.

ನವಲಿಯ ಇತ್ತಕಡೆ ಒಂದು ಸಣ್ಣ ಊರು. ಅಲ್ಲಿಯ ಬಟ್ಟೆ ಒಗೆಯುವ ಮೆಟ್ಟಿಲಿನ ಬಳಿ ಹೆಂಗಸರ ಗುಂಪು ಕೂಡಿತ್ತು. ನಡುವೆ, ಜಾಲಿಗಿಡಕ್ಕೆ ಹಗ್ಗದಿಂದ ಕಟ್ಟಿದ ಹಂಸ ನೀರಿನ ಮೇಲೆ ಮೆಲ್ಲಗೆ ತೂಗುತ್ತಿತ್ತು. ಕೊಕ್ಕಿಗೆ ಅರಿಸಿನ, ನೆತ್ತಿಗೆ ಕುಂಕುಮ, ಕುತ್ತಿಗೆಗೆ ಚೆಂಡು ಹೂವಿನ ಮಾಲೆ. ಅಮಾವಾಸ್ಯೆಯ ದಿನ ಗಂಗವ್ವ ತಾನಾಗಿ ಬಂದಿದ್ದಾಳೆಂದು ಊರಿಗೆ ಊರೇ ಹೋಳಿಗೆ ಮಾಡಿಕೊಂಡು ಬಂದಿತ್ತು. ಆಸನದ ಮೇಲಿನ ಹಸಿರು ಇಳಕಲ್ ಸೀರೆಗೆ ಉಡಿ ತುಂಬಿದ್ದರು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ.

ಕಳುವಿನ ಮಾಲು ಎಂದು ದೀಪಿಕಾ ಹೇಳಿದಾಗ ಒಬ್ಬ ಹೆಣ್ಣುಮಗಳು ಮೂಗಿನ ಮೇಲೆ ಬೆರಳಿಟ್ಟಳು. "ಗಂಗವ್ವನ್ನ ಕಳುವು ಮಾಡಾಕ ಬರ್ತೈತೇನವ್ವ? ನಿನ್ನ ವಯಸ್ಸಿಗೆ ಇಂಥಾ ಮಾತು ಆಡಬಾರದು. ಮೊದಲ ಎಲಿ ತಗೊಂಡು ಊಟಕ್ಕ ಕುಂದ್ರು."

ಗುಂಪಿನಲ್ಲಿ ಒಬ್ಬಳು ಮಾತ್ರ ಮಾತಾಡುತ್ತಿರಲಿಲ್ಲ. ನಡುವಯಸ್ಸು ದಾಟಿದವಳು, ಮೆಟ್ಟಿಲ ತುದಿಯಲ್ಲಿ ಕೂತು ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದಿದ್ದಳು. ಕಣ್ಣು ಒದ್ದೆ. ಯಂಕೋಬ ಟೋಪಿ ತೆಗೆದು ಒಂದು ಮೆಟ್ಟಿಲು ಕೆಳಗೆ ಕೂತರು. ಆಕೆ ದುರುಗವ್ವ.

"ಈ ಸೀರಿ ಯಾರದು, ತಂಗಿ?"

"ನಮ್ಮಕ್ಕಂದು. ಸೆರಗ ಹರಿದಿತ್ತು, ಹೊಲಿದಾಕಿ ನಾನ."

"ಅಕ್ಕ ಎಲ್ಲಿ?"

"ದೀಪಾವಳಿ ಮುಂದ ಹೋದಳ್ರಿ. ಈಗ ಬಂದಾಳ. ತವರಿಗೆ ಬಂದಾಳ."

"ಕಳಿಸಿದವರು ಯಾರು?"

"ಅದನ್ನೊಂದು ಕೇಳಬ್ಯಾಡ್ರಿ ಅಣ್ಣ. ದೇವರಾಣಿ, ನಾ ಹೇಳಂಗಿಲ್ಲ."

"ಅಕ್ಕನ ಹೆಸರರೆ ಹೇಳು."

"ಕರಿಯವ್ವ. ಹಿಟ್ನಾಳಕ್ಕ ಕೊಟ್ಟಿದ್ವಿ."

ಯಂಕೋಬ ಮತ್ತು ಹಿಂದೆ ನಿಂತಿದ್ದ ದೀಪಿಕಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಟ್ನಾಳದ ಭಜನಾ ಮೇಳ. ಇನ್ನು ಕೇಳುವುದೇನೂ ಉಳಿದಿರಲಿಲ್ಲ. ಪಂಚರ ಸಮಕ್ಷಮ ಹಂಸವನ್ನೂ ಸೀರೆಯನ್ನೂ ಜಪ್ತಿ ಮಾಡಿ, ಟ್ರ್ಯಾಕ್ಟರಿನಲ್ಲಿ ಹೇರಿ ಠಾಣೆಗೆ ಸಾಗಿಸಿದರು. ಟ್ರ್ಯಾಕ್ಟರು ಹೊರಟಾಗ ಹೆಂಗಸರು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಊರ ಅಗಸೆ ಬಾಗಿಲವರೆಗೆ ಹಿಂದೆ ಬಂದರು.

ಮರುದಿನ, ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಜೀಪು ಹಿಟ್ನಾಳ ಸೇರಿತು. ಕರಿಯವ್ವನ ಗಂಡ, ಭಜನಾ ಮೇಳದ ಹೇಮಪ್ಪನ ಮನೆ ಹೆದ್ದಾರಿಯಿಂದ ಒಳಗೆ, ಹನುಮಪ್ಪನ ಗುಡಿಯ ಓಣಿಯಲ್ಲಿ. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಎಪ್ಪತ್ತು ದಾಟಿದ ಮುದುಕ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನಿಂದ ತಾಳ ತಿಕ್ಕುತ್ತಿದ್ದ. ಮೇಳದ ಉಳಿದ ಮೂವರೂ ಯಾಕೋ ಆ ಹೊತ್ತಿಗೇ ಅಲ್ಲಿದ್ದರು. ಪೊಲೀಸರಿಗೆ ಕಂಬಳಿ ಹಾಸಿದರು.

ಭಾನುವಾರ ಹಂಸವಿಹಾರಕ್ಕೆ ಹೋಗಿದ್ದಿರಾ ಎಂದು ದೀಪಿಕಾ ಕೇಳಿದರು.

"ಹೋಗಿದ್ವಿರಿ. ಭಜನಿ ಮಾಡಿದ್ವಿ, ಉಂಡ್ವಿ, ಬಂದ್ವಿ."

"ಅಷ್ಟ?"

"ಅಷ್ಟರಿ."

ಮೂವರು ಮುದುಕರೂ ಅಷ್ಟೇ, ಅಷ್ಟೇ ಎಂದು ತಲೆಯಾಡಿಸಿದರು. ದೀಪಿಕಾ ದನಿ ಏರಿಸದೆ ನಡೆದದ್ದನ್ನು ಹೇಳಿದರು. ದೋಣಿ ನೋಡಿಕೊಳ್ಳುವ ಜಮೀರನ ಮೇಲೆ ದೂರು ಬಂದಿದೆ. ಅವನನ್ನು ಕೆಲಸದಿಂದ ಬಿಡಿಸಿದ್ದಾರೆ. ನಿನ್ನೆ ಇಡೀ ದಿನ ಠಾಣೆಯಲ್ಲಿದ್ದ, ಇವತ್ತೂ ಬರಬೇಕು. ಕೀಲಿಕೈ ಯಾರಿಗೆ ಕೊಟ್ಟೆ ಎಂದರೆ ಬಾಯಿ ಬಿಡುತ್ತಿಲ್ಲ. ಕೊಪ್ಪಳದ ಬೀಗರ ಕಿವಿಗೂ ಮಾತು ಮುಟ್ಟಿದೆ.

ಹೇಮಪ್ಪನ ಕೈಯಲ್ಲಿದ್ದ ತಾಳ ಒಂದಕ್ಕೊಂದು ತಾಗಿ ಸಣ್ಣಗೆ ದನಿ ಮಾಡಿತು. ಅವನು ಅದನ್ನು ಕೆಳಗಿಟ್ಟ.

"ಆ ಹುಡುಗನ್ನ ಬಿಡ್ರಿ ತಾಯಿ. ಅವಂದೇನೂ ತಪ್ಪಿಲ್ಲ. ಹಂಸ ಒಯ್ದಾವ ನಾನು."

"ಒಬ್ಬನ?"

"ಒಬ್ಬನ."

"ಅವ ಅಲ್ರಿ, ನಾನು," ಎಂದ ಎರಡನೆಯವ. "ಇವರಿಗೆ ಸೊಂಟ ಎಲ್ಲೈತ್ರಿ? ನಾ ಒಬ್ಬನ ಹೊತ್ತೇನಿ," ಎಂದ ಮೂರನೆಯವ. ನಾಲ್ಕನೆಯವನಿಗೆ ಕಿವಿ ಮಂದ. ಅವನು ಏನೂ ಕೇಳಿಸದಿದ್ದರೂ, ನಾನೇ, ನಾನೇ ಎಂದ.

ನೂರಸಾಬನಿಗೆ ಬರೆಯುವುದೋ ಬಿಡುವುದೋ ತಿಳಿಯಲಿಲ್ಲ. ದೀಪಿಕಾ ಹೇಮಪ್ಪನ ಕಡೆಗೇ ನೋಡಿದರು. "ಅಷ್ಟು ಭಾರದ ದೋಣಿ, ಈ ವಯಸ್ಸಿನಾಗ ಒಬ್ಬನ ಹೆಂಗ ಎತ್ತಿದಿ, ಅಜ್ಜ?"

"ಕರಿಯವ್ವ ಹಗುರಾಗಿದ್ಲುರಿ," ಎಂದ ಹೇಮಪ್ಪ.

ಆಮೇಲೆ ಅವನು ದೀಪಿಕಾ ಅವರನ್ನು ಬಿಟ್ಟು, ಬಿಳಿಗೂದಲಿನ ಯಂಕೋಬರ ಕಡೆಗೆ ತಿರುಗಿದ. ಇಡೀ ತನಿಖೆಯಲ್ಲಿ ಆರೋಪಿ ಕೇಳಿದ ಪ್ರಶ್ನೆ ಅದೊಂದೇ.

"ಹೋಗಿ ಮುಟ್ಟಿತೇನ್ರಿ ಸಾಹೇಬ್ರ?"

ತನಿಖೆಯ ವಿವರವನ್ನು ಆರೋಪಿಗೆ ಹೇಳಬಾರದು ಎಂಬುದು ಯಂಕೋಬರಿಗೆ ಗೊತ್ತಿತ್ತು. ಅವರು ಮೇಡಂ ಕಡೆ ನೋಡಿದರು. ದೀಪಿಕಾ ಓಣಿಯ ಕಡೆ ಮುಖ ಮಾಡಿದ್ದರು.

"ಮುಟ್ಟೇತಿ," ಎಂದರು ಯಂಕೋಬ. "ತಂಗಿ ಮನಿ ಮೆಟ್ಲಿಗೇ ಮುಟ್ಟೇತಿ. ಊರೆಲ್ಲ ಕೂಡಿ ಉಡಿ ತುಂಬ್ಯಾರ. ಹೋಳಿಗಿ ಮಾಡಿದ್ರು."

ಹೇಮಪ್ಪ ಅಂಗೈಯಿಂದ ಮುಖ ಮುಚ್ಚಿಕೊಂಡ. ಕಿವಿ ಮಂದನಾದ ಮುದುಕ ಏನಂತ, ಏನಂತ ಎಂದು ಪಕ್ಕದವನನ್ನು ತಿವಿದ. ಪಕ್ಕದವನು ಅವನ ಕಿವಿಗೆ ಬಾಯಿಟ್ಟು, "ಮುಟ್ಟಿತಂತ," ಎಂದ.

ಹೇಳಿಕೆಯನ್ನು ಯಂಕೋಬರೇ ಬರೆದುಕೊಂಡರು. ಕರಿಯವ್ವನಿಗೆ ಆ ಹಂಸ ಕಂಡದ್ದು ಆನೆಗೊಂದಿಗೆ ಹೋಗುವ ಬಸ್ಸಿನ ಕಿಟಕಿಯಿಂದ. ಒಂದು ಸಲ ಅದರಲ್ಲಿ ಕೂರಬೇಕು ಎಂದಳು. ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ, ಕೇಳಿದ್ದು ಅದೊಂದು. ಕಳೆದ ದಸರೆಯಲ್ಲಿ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರು. ಬಾಗಿಲಲ್ಲಿ ಹಲಗೆ. ಇವತ್ತು ಪಾರ್ಕು ಒಬ್ಬರಿಗೆ ಬಾಡಿಗೆ ಕೊಟ್ಟಿದೆ, ಹೊರಗಿನವರಿಗೆ ಇಲ್ಲ ಎಂದ ಕಾವಲುಗಾರ. ಹೇಮಪ್ಪನಿಗೆ ಸಿಟ್ಟು ಬಂತು, ಕರಿಯವ್ವನಿಗೆ ನಗು. ಇಷ್ಟು ದೊಡ್ಡ ಜಾತ್ರೆಯಂಥ ಜಾಗವನ್ನು ಒಂದೇ ಮನೆಯವರು ಹಿಡಿದು ಹೇಗೆ ಆಡುತ್ತಾರೆ, ಅವರಿಗೆ ಬೇಸರ ಬರುವುದಿಲ್ಲವೇ ಎಂದಳಂತೆ. ಇಬ್ಬರೂ ಹಿಂದಿನ ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದರು.

ಒಳಗಿನಿಂದ ಜಮೀರ ಇದನ್ನು ನೋಡಿದ. ಮುದುಕಿ ಕಣ್ಣು ಕೀಳದೆ ಹಂಸವನ್ನೇ ನೋಡುತ್ತಿದ್ದಳು. ಅವನು ಅದನ್ನು ತುಳಿದುಕೊಂಡು ಬೇಲಿಯ ತನಕ ತಂದು ನಿಲ್ಲಿಸಿದ. ಕರಿಯವ್ವ ತಂತಿಯೊಳಗಿನಿಂದ ಕೈ ತೂರಿಸಿ ಅದರ ಕುತ್ತಿಗೆ ಸವರಿದಳು. ಇನ್ನೊಂದು ದಿನ ಬರ್ರಿ ಅಜ್ಜಿ, ನಾನೇ ಕೂರಿಸಿ ಸುತ್ತಿಸುತ್ತೇನೆ ಎಂದ ಜಮೀರ. ಆಕೆ ಅವನಿಗೆ ಒಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಗಂಡನಿಗೆ, "ಇದರಾಗ ಕುಂತ್ರ ಕಾಲುವಿ ಹಿಡಿದು ಸೀದಾ ನಮ್ಮ ತವರಿಗೆ ಹೋಗಬಹುದು ನೋಡು, ಬಸ್ಸಿನ ಹಂಗಿಲ್ಲ," ಎಂದಳು.

ದೀಪಾವಳಿ ಎಂಬಷ್ಟರಲ್ಲಿ ಜ್ವರ ಬಂತು, ಹೋದಳು.

ಮೂರನೆಯ ದಿನ ಮಣ್ಣು ಮಾಡಿದ ಕಡೆ ಎಡೆ ಇಟ್ಟು ಎಲ್ಲರೂ ದೂರ ನಿಂತರು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ತಿಳಿದು, ಇದ್ದವರು ಅದನ್ನು ಹುಡುಕಿ ಮಾತು ಕೊಡಬೇಕು. ಕಾಗೆ ಜಾಲಿಯ ಮೇಲೆ ಕೂತಿತ್ತು, ಇಳಿಯಲಿಲ್ಲ. ಅಪ್ಪನನ್ನು ನೋಡಿಕೊಳ್ಳುತ್ತೇನೆ ಎಂದ ಮಗ. ನಿನ್ನ ಎಮ್ಮೆ ಮಾರುವುದಿಲ್ಲ ಎಂದಳು ಸೊಸೆ. ಹಳೆಯ ಜಗಳ ಮರೆತೆ ಎಂದಳು ತಂಗಿ ದುರುಗವ್ವ. ಕಾಗೆ ಇಳಿಯಲಿಲ್ಲ. ಹೊತ್ತೇರಿತು. ಹೇಮಪ್ಪನಿಗೆ ಗೊತ್ತಿತ್ತು, ನಾಲ್ಕು ಜನರೆದುರು ಹೇಳುವುದಕ್ಕೆ ನಾಚಿಕೆ. ಕೊನೆಗೆ ಮುಂದೆ ಹೋಗಿ, "ಹಂಸದಾಗ ಕುಂದ್ರಿಸಿ ನಿನ್ನ ತವರಿಗೆ ಕಳಸ್ತೀನಿ, ಮಾರಾಯ್ತಿ, ಉಣ್ಣು," ಎಂದ. ಕಾಗೆ ಇಳಿದು ತುತ್ತು ಎತ್ತಿಕೊಂಡು ಹಾರಿತು.

ಆಮೇಲೆ ಎರಡು ಸಲ ಅವನು ಸಾಣಾಪುರಕ್ಕೆ ಹೋದ. ಕಾರ್ತಿಕದ ಮದುವೆಗಳು, ಎರಡು ಸಲವೂ ಅದೇ ಹಲಗೆ. ಕೊಟ್ಟ ಮಾತು ಎದೆಯ ಮೇಲೆ ಕೂತುಬಿಟ್ಟಿತು. ಹೀಗಿರುವಾಗ ಬೀಜದ ಕಂಪನಿಯವರು ಭಜನೆಗೆ ಕರೆದರು. ಬಾಡಿಗೆಯ ದಿನವೇ ಅವನಿಗೆ ಬಾಗಿಲು ತೆರೆಯಿತು. ಊಟದ ಹೊತ್ತಿನಲ್ಲಿ ಜಮೀರನ ಹತ್ತಿರ ಹೋಗಿ, ಅಜ್ಜಿ ಹೋದಳಪ್ಪ, ಆಕೆಯ ಸೀರೆಯನ್ನಾದರೂ ಹಂಸದ ಮೇಲೆ ಒಂದು ಗಳಿಗೆ ಇಟ್ಟುಕೊಂಡು ಕೂರುತ್ತೇನೆ ಎಂದ. ಜಮೀರ ಕೀಲಿಕೈ ಕೊಟ್ಟು ಬಡಿಸುವುದಕ್ಕೆ ಹೋದ. ಮುಂದಿನದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ತನ್ನ ತಲೆಯ ಮೇಲೆ ಬಂದರೂ ಹೇಳಲಿಲ್ಲ.

"ಕದ್ದಿಲ್ರಿ," ಎಂದ ಹೇಮಪ್ಪ. "ಎರವು ತಗೊಂಡಿದ್ದೆ. ಅಮಾಸಿ ಮುಗಿದ ಮ್ಯಾಲೆ ಟ್ರ್ಯಾಕ್ಟರ್‌ದಾಗ ಹೇರಿ ಕೊಟ್ಟು ಬರೂದಿತ್ತು. ಏರಿ ದಾಟಿಸಿದ್ದು ನಾವು ನಾಲ್ಕೂ ಮಂದಿ. ಸುಳ್ಳು ಯಾಕ? ಆಕಿನ್ನ ಮಣ್ಣಿಗೆ ಹೊತ್ತ ಹೆಗಲ ಇವು."

ದೀಪಿಕಾ ಹೇಳಿಕೆಯ ಹಾಳೆಗಳನ್ನು ಮಡಿಸಿದರು. ಕಾಯಿದೆ ಕಾಯಿದೆಯೇ, ಬಂಧಿಸಬೇಕಾಗುತ್ತದೆ ಎಂದರು. ಹೇಮಪ್ಪ ಎದ್ದು, ಧೋತ್ರ ಕೊಡವಿ, ತಾಳವನ್ನು ಗೂಟಕ್ಕೆ ಹಾಕಿ ಬಂದ. ಕೈಕೋಳ ಹಾಕಲಿಲ್ಲ. ಉಳಿದ ಮೂವರೂ ಕರೆಯದೆಯೇ ಜೀಪಿನ ಹಿಂದೆ ಹತ್ತಿದರು; ಅವರಿಗೆ ನೋಟೀಸು ಕೊಟ್ಟರೆ ಸಾಕು ಎಂದರೂ ಇಳಿಯಲಿಲ್ಲ.

ಠಾಣೆಯಲ್ಲಿ ಜಮೀರ ಕಟ್ಟೆಯ ಮೇಲೆ ಕೂತಿದ್ದ. ಹೇಮಪ್ಪನನ್ನು ಕಂಡು ಎದ್ದು ನಿಂತ. ಮುದುಕ ಅವನ ತಲೆಯ ಮೇಲೆ ಕೈಯಿಟ್ಟ. ದಾವಲಬೀ ಬೇವಿನ ಬುಡದಿಂದಲೇ, "ಅಜ್ಜಾ, ಒಂದ್ ಮಾತು ನನಗ ಹೇಳಿದ್ರ ನಾನೂ ಹೊರಾಕ ಬರ್ತಿದ್ನೆಲ್ಲಪ್ಪ," ಎಂದು ಬೈದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬುಧವಾರ ಗಂಗಾವತಿಯ ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ ಜಾಮೀನು ಸಿಕ್ಕಿತು. ತನ್ನ ಮನೆಯ ಕಾಗದ ತಂದು ಜಾಮೀನುದಾರಳಾಗಿ ಹೆಬ್ಬೆಟ್ಟು ಒತ್ತಿದವಳು ದಾವಲಬೀ. ಪ್ರವೀಣಕುಮಾರ ಇದನ್ನೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ. ಹೊರಗೆ ಬಂದು ಯಂಕೋಬರ ಹತ್ತಿರ, ದಸರೆಯ ದಿನ ಆ ಹಲಗೆ ಹಾಕಿಸಿದವನು ನಾನೇ ಎಂದ. ರಾಜಿಗೆ ಅರ್ಜಿ ಹಾಕುವುದು ಹೇಗೆ ಎಂದು ಕೇಳಿದ. ಶುಕ್ರವಾರದ ಕುಬಸಕ್ಕೆ ಹಂಸವನ್ನು ಬಿಟ್ಟುಕೊಡಲು ನ್ಯಾಯಾಲಯ ಅಂದೇ ಅಪ್ಪಣೆ ಕೊಟ್ಟಿತು. ಅದನ್ನು ನಡೆಸುವುದಕ್ಕೆ ಜಮೀರನೇ ಬರಬೇಕೆಂದು ಪ್ರವೀಣಕುಮಾರ ಹೇಳಿ ಕಳಿಸಿದ. ಕೊಪ್ಪಳಕ್ಕೆ ದೀಪಿಕಾ ತಾವೇ ಫೋನು ಮಾಡಿ, ಗುಲ್ಶನಳ ತಂದೆಯೊಡನೆ ಬಹಳ ಹೊತ್ತು ಮಾತಾಡಿದ್ದರು. ಏನು ಹೇಳಿದರೆಂದು ಯಾರಿಗೂ ತಿಳಿಯದು. ಮುಂದಿನ ತಿಂಗಳು ನಿಕಾಹ್ ಮಾತ್ರ ನಿಶ್ಚಯಿಸಿದ ದಿನವೇ ಆಯಿತು.

ಗುರುವಾರ ಗಣರಾಜ್ಯೋತ್ಸವ. ಠಾಣೆಯ ಅಂಗಳದಲ್ಲಿ ಧ್ವಜ ಏರಿಸಿ ಲಾಡು ಹಂಚಿದರು. ಬೇವಿನ ಕೆಳಗೆ ಹಂಸ ಒಣನೆಲದ ಮೇಲೆ ನಿಂತಿತ್ತು. ಕೊಕ್ಕಿನ ಅರಿಸಿನವನ್ನು ಯಾರೂ ತೊಳೆದಿರಲಿಲ್ಲ. ಪಾರ್ಕಿನ ಗಾಡಿ ಇನ್ನೂ ಬಂದಿರಲಿಲ್ಲ. ಉಳಿದವರು ಒಳಗೆ ಹೋದ ಮೇಲೆ ಯಂಕೋಬ ತಮ್ಮ ಪಾಲಿನ ಲಾಡು ಹಿಡಿದು ಅದರ ಪಕ್ಕ ನಿಂತರು.

ಹುಲಿಗವ್ವನ ಎಡೆಗೆ ಕಾಗೆ ಕರೆಯುವುದಕ್ಕೆ ಮುಂಚೆಯೇ ಬಂದಿತ್ತು. ಪುಣ್ಯವಂತೆ, ಆಸೆಯೇ ಉಳಿದಿರಲಿಲ್ಲ ಎಂದು ಎಲ್ಲರೂ ಹೊಗಳಿದ್ದರು. ಅಂದಿನಿಂದ ಅವರಿಗೆ ಒಳಗೇ ಒಂದು ನೋವು. ಹೇಮಪ್ಪನಿಗೆ ಕೊಡುವುದಕ್ಕೆ ಒಂದು ಮಾತಾದರೂ ಉಳಿದಿತ್ತು. ತನ್ನಾಕೆ ಏನನ್ನೂ ಉಳಿಸದೆ, ಏನನ್ನೂ ಕೇಳದೆ ಹೋಗಿಬಿಟ್ಟಳು.

ಅವರು ಲಾಡನ್ನು ಎರಡು ಭಾಗ ಮಾಡಿ ಹಂಸದ ಆಸನದ ಮೇಲಿಟ್ಟು ಹಿಂದೆ ಸರಿದರು. ಬೇವಿನಿಂದ ಒಂದು ಕಾಗೆ ಇಳಿದು ಹಂಸದ ಕುತ್ತಿಗೆಯ ಮೇಲೆ ಕೂತು, ಆ ಕಡೆ ಈ ಕಡೆ ನೋಡಿ, ಆಸನಕ್ಕೆ ಹಾರಿತು. ಯಂಕೋಬ ಟೋಪಿ ತೆಗೆದು ತಮ್ಮ ಮನೆದೇವಿಗೆ ಕೈ ಮುಗಿದರು.

ತಾಯಿ ಹುಲಿಗೆಮ್ಮಾ, ಕಾಲುವೆ ಹಿಡಿದು ತವರು ಸೇರಿದ ಆ ಕರಿಯವ್ವನನ್ನು ನಿನ್ನ ಮಡಿಲಲ್ಲಿ ಇಟ್ಟುಕೋ. ಕೇಳದೆ ಹೋದ ನನ್ನ ಹುಲಿಗವ್ವನನ್ನೂ ಆಕೆಯ ಪಕ್ಕದಲ್ಲೇ ಕೂರಿಸಿಕೋ. ಇಬ್ಬರ ಜೀವಕ್ಕೂ ತಂಪು ಕೊಡು, ಶಾಂತಿ ಕೊಡು ತಾಯೀ.